ಆ ಒಂದು ಗಂಟೆಯ ಕೋಣೆಯನ್ನು ದಾಟಿ ನೋಡಿ

ಜಪಾನಿನ ನಿರ್ದೇಶಕ ಕುರೊಸಾವಾ ಅವರ 1963ರ ಚಿತ್ರ 'ಹೈ ಅಂಡ್ ಲೋ' ಸುಮಾರು ಒಂದು ಗಂಟೆ ಒಂದೇ ಕೋಣೆಯಲ್ಲಿ ಸಾಗುತ್ತದೆ, ಬೋರಾಗಿ ನಿಲ್ಲಿಸಿದೆ, ಮುಂದೆ ನೋಡಬೇಕಾ ಅಂತ ಕೇಳಿದ್ದೀರಿ. ಖಂಡಿತ ನೋಡಿ. ನಾನೂ ಮೊದಲ ಸಲ ಅಲ್ಲೇ ಬಿಟ್ಟಿದ್ದೆ!

ಆ ಕೋಣೆಯಲ್ಲೇ ಕಥಾನಾಯಕ, ಚಪ್ಪಲಿ ಕಂಪನಿಯ ಸಾಹುಕಾರ ಗೊಂಡೊ ಏನು ಅಂತ ಗೊತ್ತಾಗುವುದು. ಅಪಹರಣಕಾರ ಕದ್ದದ್ದು ಇವನ ಮಗನನ್ನಲ್ಲ, ಡ್ರೈವರ್ ಮಗನನ್ನು. ಮೂರು ಕೋಟಿ ಯೆನ್ ಕೊಟ್ಟರೆ ಚಪ್ಪಲಿ ಕಂಪನಿ ಕೈತಪ್ಪುತ್ತದೆ, ಮನೆಯೂ ಅಡವಿಟ್ಟಾಗಿದೆ. ಕೊಡದಿದ್ದರೆ? ಡ್ರೈವರ್ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತೇ ಇರುತ್ತಾನೆ. ಆಮೇಲೆ ಹಣದ ಬ್ಯಾಗಿಗೆ ಅಪಹರಣಕಾರನ ಪತ್ತೆಗಾಗಿ ಪೊಲೀಸರ ಗುಟ್ಟಿನ ಪುಡಿ ಸೇರಿಸಬೇಕಾದಾಗ ಗೊಂಡೊ ತನ್ನ ಹಳೇ ಚರ್ಮದ ಕೆಲಸದ ಹತಾರ ತೆಗೆದು, ನೆಲದ ಮೇಲೆ ಕೂತು ತಾನೇ ಹೊಲಿಯುತ್ತಾನೆ. ಕೋಟ್ಯಧಿಪತಿ ಮತ್ತೆ ಮೋಚಿ ಆಗುವ ಆ ಎರಡು ನಿಮಿಷ ಸಾಕು. ಸಮುರಾಯ್ ಪಾತ್ರಗಳಿಗೆ ಹೆಸರಾದ ನಟ ಮಿಫುನೆಯೇ ಈ ಗೊಂಡೊ, ಇಲ್ಲಿ ಕತ್ತಿ ಹಿಡಿದಿಲ್ಲ, ಅಷ್ಟೇ.

ಮುಂದಿನದು ರೈಲು. ಹಣದ ಬ್ಯಾಗನ್ನು ಹೊರಗೆ ಎಸೆಯಬೇಕು, ಟಾಯ್ಲೆಟ್ ಕಿಟಕಿ ತೆರೆಯುವುದು ಬರೀ 7 ಸೆಂಟಿಮೀಟರ್. ಹೇಗೆ ಅಂತ ನೀವೇ ನೋಡಿ. ಇಡೀ ಕಪ್ಪು ಬಿಳುಪು ಚಿತ್ರದಲ್ಲಿ ಒಂದೇ ಕಡೆ ಬಣ್ಣ ಬರುತ್ತದೆ, ಅದನ್ನೂ ಹೇಳಲ್ಲ.

ಜನ ಮೆಚ್ಚಿದರಾ ಅಂತಲೂ ಕೇಳಿದ್ದಿರಿ. ಆ ವರ್ಷ ಜಪಾನಿನ ಮೈನಿಚಿ ಸಿನಿಮಾ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ ಇದೇ. 1964ರಲ್ಲಿ ಜಪಾನ್ ಒತ್ತೆಹಣದ ಅಪಹರಣಕ್ಕೆ ಕಠಿಣ ಶಿಕ್ಷೆಯ ಕಲಮನ್ನೇ ಸೇರಿಸಿತು. ಆ ಚರ್ಚೆಯಲ್ಲಿ ಈ ಚಿತ್ರದ ಹೆಸರು ಈಗಲೂ ಬರುತ್ತದೆ. 2025ರಲ್ಲಿ ಅಮೆರಿಕದ ನಿರ್ದೇಶಕ ಸ್ಪೈಕ್ ಲೀ ನಟ ಡೆನ್ಜಲ್ ವಾಷಿಂಗ್ಟನ್ ಜೊತೆ ಇದೇ ಕಥೆಯನ್ನು ನ್ಯೂಯಾರ್ಕ್‌ಗೆ ಒಗ್ಗಿಸಿ ಹೊಸ ಚಿತ್ರ ಮಾಡಿದರು. ಮೊದಲು ಹಳೆಯದನ್ನೇ ಮುಗಿಸಿ, ಇನ್ನು ಒಂದೂವರೆ ಗಂಟೆ ಇರಬಹುದು ಅಷ್ಟೇ.