ಸ್ಕೋಪ್‌ನಲ್ಲಿ ಪವರ್ ಜಾಸ್ತಿ ಇದ್ದರೆ ಸಾಕಾ?

ಪ್ರಶ್ನೆ: ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಸ್ನೇಹಿತರೊಬ್ಬರ ಜಮೀನಿಗೆ ಕಯೋಟಿಗಳು (ತೋಳ, ನರಿಯ ಜಾತಿಯ ಕಾಡುಪ್ರಾಣಿ) ಬಂದು ಆಡುಮರಿಗಳನ್ನು ಹೊತ್ತೊಯ್ಯುತ್ತವಂತೆ. ರಜೆಯಲ್ಲಿ ಇವನೂ ಅವರ ಜೊತೆ ಬೇಟೆಗೆ ಹೋಗುತ್ತಾನೆ. .223 (ಗುಂಡಿನ ಅಳತೆ) ರೈಫಲ್ ಇದೆ, ಅದರ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ನಾನು ಕೊಡಿಸುತ್ತೇನೆ ಎಂದಿದ್ದೇನೆ. ಅವನಿಗೆ 6-24×50 ಬೇಕಂತೆ, ಅಂಗಡಿಯವನು 3-9×40 ಸಾಕು ಅಂದನಂತೆ. ಪವರ್ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ?
*ನಿವೃತ್ತ ಬ್ಯಾಂಕ್ ನೌಕರ, ಕೋಥ್ರೂಡ್, ಪುಣೆ*

ಉತ್ತರ: ಅಂಗಡಿಯವನ ಮಾತು ಕೇಳಿ ಸರ್. ದುಬಾರಿ ಮಾಲು ಮಾರುವ ಅವಕಾಶ ಬಿಟ್ಟು ಅಗ್ಗದ್ದು ಸಾಕು ಅನ್ನುವವನು ಸಿಗೋದೇ ಕಷ್ಟ.

ಮೊದಲು ಆ ಅಂಕಿಗಳನ್ನು ಬಿಡಿಸೋಣ. 3-9 ಅಂದರೆ ಗುರಿ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. 40 ಅಂದರೆ ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಈಗ ಕಯೋಟಿ ಬೇಟೆ ಹೇಗೆ ನಡೆಯುತ್ತದೆ ನೋಡಿ. ಸಾಮಾನ್ಯವಾಗಿ ಅದನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಪೊದೆಯ ಮರೆಯಲ್ಲಿ ಕೂತು, ಗಾಯಗೊಂಡ ಮೊಲ ಚೀರುವ ಹಾಗೆ ಪೀಪಿ ಊದುತ್ತಾರೆ ಇಲ್ಲವೇ ಸ್ಪೀಕರ್ ಇಡುತ್ತಾರೆ. ಕಯೋಟಿ ತಾನಾಗಿಯೇ ಬರುತ್ತದೆ, ಕೆಲವು ಸಲ ಓಡಿಕೊಂಡೇ ಬರುತ್ತದೆ, ಐವತ್ತು ಗಜದೊಳಗೂ ನುಗ್ಗಿಬಿಡುತ್ತದೆ. ಆಗ ಬೇಕಾಗುವುದು ದೊಡ್ಡ ಚಿತ್ರ ಅಲ್ಲ, ಅಗಲವಾದ ನೋಟ. ಮೂರು ಪಟ್ಟಿನಲ್ಲಿಟ್ಟರೆ ನೂರು ಗಜ ದೂರದಲ್ಲಿ ಮೂವತ್ತು ಅಡಿಗಿಂತ ಜಾಸ್ತಿ ಅಗಲ ಕಾಣುತ್ತದೆ. ಆರರಲ್ಲಿ ಅದರ ಅರ್ಧದಷ್ಟು. ಮಗ ಕೇಳುತ್ತಿರುವ ಸ್ಕೋಪ್ ಆರಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಇನ್ನು ಹದಿನೆಂಟು, ಇಪ್ಪತ್ತರಲ್ಲಿ ಇಟ್ಟುಕೊಂಡು ಓಡುವ ಕಯೋಟಿ ಹುಡುಕೋದು ಕೀಲಿಕಿಂಡಿಯಿಂದ ಕ್ರಿಕೆಟ್ ನೋಡಿದ ಹಾಗೆ.

ಬೆಳಕಿನ ಲೆಕ್ಕ ಇನ್ನೊಂದು. ಲೆನ್ಸಿನ ಅಗಲವನ್ನು ಪವರ್‌ನಿಂದ ಭಾಗಿಸಿ, ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆ ಎಷ್ಟು ಅಗಲ ಅಂತ ಸಿಗುತ್ತದೆ. 40 ಭಾಗಿಸು 9, ಸುಮಾರು ನಾಲ್ಕೂವರೆ ಮಿಲಿಮೀಟರ್. 50 ಭಾಗಿಸು 24, ಬರೀ ಎರಡು. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ ಐದರಿಂದ ಏಳು ಮಿಲಿಮೀಟರ್‌ವರೆಗೆ ಅಗಲವಾಗುತ್ತದೆ, ವಯಸ್ಸಾದಂತೆ ಸ್ವಲ್ಪ ಕಡಿಮೆ. ಕಯೋಟಿಗಳು ಓಡಾಡುವುದೇ ಹೆಚ್ಚಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಎರಡು ಮಿಲಿಮೀಟರ್ ಬೆಳಕಿಗೆ ಆ ಹೊತ್ತಿನಲ್ಲಿ ಎಲ್ಲ ಕಪ್ಪುಕಪ್ಪಾಗಿ ಕಾಣುತ್ತದೆ. ಪವರ್ ಆರಕ್ಕೆ ಇಳಿಸಿದರೆ ಬೆಳಕೇನೋ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಇಪ್ಪತ್ನಾಲ್ಕಕ್ಕೆ ದುಡ್ಡು ಕೊಟ್ಟು ಆರರಲ್ಲೇ ಇಟ್ಟುಕೊಳ್ಳೋದಾದರೆ ಆ ಭಾರ ಹೊತ್ತು ತಿರುಗೋದು ಯಾಕೆ?

ಹಾಗಂತ 6-24 ಕೆಟ್ಟದ್ದು ಅಲ್ಲ, ಅದರ ಕೆಲಸ ಬೇರೆ. ಪಶ್ಚಿಮ ಟೆಕ್ಸಾಸ್‌ನ ಬಯಲಿನಲ್ಲಿ ಪ್ರೇರಿ ಡಾಗ್ ಎಂಬ ಅಳಿಲಿನ ಜಾತಿಯ ಪ್ರಾಣಿ ಇದೆ, ತೂಕ ಒಂದು ಕಿಲೋ ಆಸುಪಾಸು. ಅದನ್ನು ಮುನ್ನೂರು ಗಜದಾಚೆಯಿಂದ ಮರಳುಮೂಟೆಯ ಮೇಲೆ ರೈಫಲ್ ಇಟ್ಟುಕೊಂಡು ಹೊಡೆಯುವವರಿಗೆ ಹದಿನಾರು, ಇಪ್ಪತ್ತು ಪಟ್ಟು ಬೇಕೇ ಬೇಕು. ಅಂಥ ಸ್ಕೋಪ್‌ನಲ್ಲಿ ದೂರಕ್ಕೆ ತಕ್ಕ ಹಾಗೆ ಪ್ಯಾರಲಾಕ್ಸ್ ಸರಿಮಾಡುವ ತಿರುಗಣೆಯೂ ಇರಬೇಕು, ಇಲ್ಲದಿದ್ದರೆ ಕಣ್ಣು ಅತ್ತಿತ್ತ ಸರಿದಾಗ ಗುರಿಯೂ ಸರಿದಂತೆ ಕಾಣುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಅಷ್ಟು ಪವರ್‌ನಲ್ಲಿ ಕಾಣುವುದು ಪ್ರಾಣಿಯಲ್ಲ, ಬಿಸಿಗಾಳಿ ನಡುಗೋದು. ಅವರೇ ಆಗ ಪವರ್ ಇಳಿಸುತ್ತಾರೆ. ಎರಡೂ ಬೇಟೆ ಇದೆ ಅಂತ ಮಗ ಹಟ ಹಿಡಿದರೆ 3-15×44 ಅಥವಾ 4-16×44 ನೋಡಲಿ, ನನ್ನ ಆಯ್ಕೆ ಮೊದಲನೆಯದು.

ಒಳಗಿನ ಗುರಿಗೆರೆ, ಅಂದರೆ ರೆಟಿಕಲ್, ಸರಳವಾಗಿರಲಿ. ಪವರ್ ಜೊತೆಗೆ ದಪ್ಪ-ಸಣ್ಣ ಆಗುವ ಫಸ್ಟ್ ಫೋಕಲ್ ಪ್ಲೇನ್ ಈಗ ಎಲ್ಲರ ಬಾಯಲ್ಲಿದೆ, ಆದರೆ ಕಡಿಮೆ ಪವರ್‌ನಲ್ಲಿ ಆ ಗೆರೆ ಕೂದಲಿನಷ್ಟು ತೆಳುವಾಗಿ ಮುಸ್ಸಂಜೆಗೆ ಕಾಣದೇ ಹೋಗುತ್ತದೆ. ಕಯೋಟಿಗೆ ಪವರ್ ಬದಲಾದರೂ ಗೆರೆ ಹಾಗೇ ಇರುವ ಸೆಕೆಂಡ್ ಫೋಕಲ್ ಪ್ಲೇನೇ ವಾಸಿ. .223 ಅನ್ನು ಇನ್ನೂರು ಗಜಕ್ಕೆ ಝೀರೋ ಮಾಡಿಕೊಂಡರೆ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸರಿಮಾಡಿಕೊಂಡರೆ, ನೂರರಲ್ಲಿ ಗುಂಡು ಒಂದೂವರೆ-ಎರಡು ಇಂಚು ಮೇಲೆ ಬೀಳುತ್ತದೆ ಅಷ್ಟೇ. ಕಯೋಟಿಗೆ ಅದಕ್ಕಿಂತ ಸೂಕ್ಷ್ಮ ಲೆಕ್ಕ ಬೇಕಿಲ್ಲ.

ಉಳಿದ ದುಡ್ಡಿನಲ್ಲಿ ಸ್ಕೋಪನ್ನು ರೈಫಲ್‌ಗೆ ಬಿಗಿಯುವ ಗಟ್ಟಿ ರಿಂಗ್‌ಗಳನ್ನೂ ಒಂದು ಬೈನಾಕ್ಯುಲರನ್ನೂ ಕೊಡಿಸಿ. ರಿಂಗ್ ಸಡಿಲ ಇದ್ದರೆ ಎಂಥ ಸ್ಕೋಪ್ ಇದ್ದರೂ ಗುರಿ ನಿಲ್ಲುವುದಿಲ್ಲ. ಬೈನಾಕ್ಯುಲರ್ ಯಾಕೆಂದರೆ, ಪೊದೆಯಲ್ಲಿ ಅಲ್ಲಾಡಿದ್ದು ಏನು ಅಂತ ಸ್ಕೋಪ್‌ನಿಂದ ನೋಡಬಾರದು. ಅದು ಪಕ್ಕದ ಜಮೀನಿನವರ ನಾಯಿ ಆಗಿರಬಹುದು, ಮನುಷ್ಯನೂ ಆಗಿರಬಹುದು, ನೋಡೋವಾಗ ನಳಿಗೆ ಅವರ ಕಡೆಗೇ ಇರುತ್ತದಲ್ವಾ. ಇನ್ನೊಂದು ವಿಷಯ, ಮಗ ಎಚ್-1ಬಿ ವೀಸಾದಲ್ಲಿದ್ದರೆ ಅಲ್ಲಿಯ ಕೇಂದ್ರ ಕಾನೂನಿನಂತೆ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದಿಲ್ಲ ತಾನೇ ಅಂತ ಇವತ್ತೇ ಫೋನ್ ಮಾಡಿ ಕೇಳಿ.

ಪ್ರಶ್ನೆ: ಸತ್ತರಿಯಲ್ಲಿ ನಮ್ಮ ಗೋಡಂಬಿ ತೋಟಕ್ಕೆ ಕೋತಿ, ಕಾಡುಹಂದಿ ಕಾಟ. ಏರ್‌ಗನ್‌ಗೆ ಲೈಸೆನ್ಸ್ ಬೇಡ, ಸ್ಕೋಪ್ ಹಾಕಿಸಿ ಹೊಡೀರಿ ಅನ್ನುತ್ತಾರೆ. ಯಾವ ಸ್ಕೋಪ್ ತಗೊಳ್ಳಲಿ?
*ವಾಳ್ಪೈ, ಗೋವಾ*

ಉತ್ತರ: ಯಾವುದೂ ಬೇಡ. 4.5 ಮಿಲಿಮೀಟರ್ ಬೋರ್ (ನಳಿಗೆಯ ತೂತಿನ ಅಗಲ), 20 ಜೂಲ್ ಶಕ್ತಿ ಮೀರದ ಏರ್‌ಗನ್ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ಅದು ನಿಜ. ಆದರೆ ಅದು ಡಬ್ಬಿಗೆ ಗುರಿ ಇಡೋದಕ್ಕೆ. ಕಾಡುಪ್ರಾಣಿಗೆ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅಪರಾಧ, ಕೋವಿಯಾದರೂ ಅಷ್ಟೇ, ಏರ್‌ಗನ್ ಆದರೂ ಅಷ್ಟೇ. ಬಿಹಾರ, ಉತ್ತರಾಖಂಡದಲ್ಲಿ ಕಾಡುಹಂದಿ ಹೊಡೆಯಲು ಬಿಟ್ಟಿದ್ದರು ಅಂತ ಯಾರಾದರೂ ಹೇಳಬಹುದು. ಅದು ಕೇಂದ್ರ ಸರ್ಕಾರ ಕೆಲವು ಜಿಲ್ಲೆಗಳಿಗೆ ಮಾತ್ರ, ಕೆಲವು ಕಾಲಕ್ಕೆ ಮಾತ್ರ ಹೊರಡಿಸಿದ್ದ ಆದೇಶ. ನಿಮ್ಮ ತೋಟಕ್ಕೆ ಅದು ಬರುವುದಿಲ್ಲ. ಅಲ್ಲದೆ ಆ ಸಣ್ಣ ಪೆಲೆಟ್‌ಗೆ ಹಂದಿ ಸಾಯುವುದೂ ಇಲ್ಲ, ಗಾಯವಾಗಿ ಕೆರಳಿ ನಿಮ್ಮ ಕೆಲಸದವರ ಮೇಲೇ ಬೀಳುತ್ತದೆ. ಬೆಳೆಹಾನಿಯ ಫೋಟೋ ತೆಗೆದಿಟ್ಟುಕೊಂಡು ಅರಣ್ಯ ಇಲಾಖೆಗೂ ಕೃಷಿ ಇಲಾಖೆಗೂ ಲಿಖಿತವಾಗಿ ಕೊಡಿ, ಪರಿಹಾರ ಕೇಳಿ.

ಪ್ರಶ್ನೆ: ಮಗಳು ಬಾಲೇವಾಡಿಯಲ್ಲಿ ಹತ್ತು ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಒಳ್ಳೆಯ ಸ್ಕೋಪ್ ಹೇಳಿ.
*ಔಂಧ್, ಪುಣೆ*

ಉತ್ತರ: ಆ ಸ್ಪರ್ಧೆಯಲ್ಲಿ ಸ್ಕೋಪ್ ಹಾಕುವ ಹಾಗೇ ಇಲ್ಲ ತಾಯಿ. ಸಣ್ಣ ತೂತಿನ ಪೀಪ್ ಸೈಟ್ ಮಾತ್ರ, ಅದರಲ್ಲಿ ಗುರಿಯನ್ನು ದೊಡ್ಡದು ಮಾಡಿ ತೋರಿಸುವ ಲೆನ್ಸ್ ಇರುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಐವತ್ತು ಮೀಟರ್‌ನಲ್ಲಿ, ಅಲ್ಲೂ ಸ್ಕೋಪ್ ಇಲ್ಲ. ಆ ದುಡ್ಡಿಗೆ ಒಳ್ಳೆಯ ಶೂಟಿಂಗ್ ಜಾಕೆಟ್ ಹೊಲಿಸಿ.

ಪ್ರಶ್ನೆ: ಅಳಿಯ ಅಮೆರಿಕದಿಂದ ಬರುತ್ತಿದ್ದಾರೆ. ಅಲ್ಲಿ ರೈಫಲ್ ಸ್ಕೋಪ್ ಅಗ್ಗವಂತೆ. ಹಕ್ಕಿ ನೋಡಲು ಒಂದು ತರಿಸಿಕೊಳ್ಳಲೇ?
*ಡೊಂಬಿವಲಿ*

ಉತ್ತರ: ಬೇಡ. ರೈಫಲ್ ಸ್ಕೋಪ್ ಮೇಲೆ ಅಲ್ಲಿ ರಫ್ತು ನಿಯಂತ್ರಣ ಇದೆ, ಸುಮ್ನೆ ಬ್ಯಾಗಿಗೆ ಹಾಕಿಕೊಂಡು ಬಂದು ಅಳಿಯಂದಿರು ವಿಮಾನ ನಿಲ್ದಾಣದಲ್ಲಿ ಉತ್ತರ ಕೊಡುತ್ತಾ ನಿಲ್ಲೋದು ಯಾಕೆ? ಹಕ್ಕಿಗೆ ಅದು ಸರಿಯಾದ ಸಾಧನವೂ ಅಲ್ಲ. 8×42 ಬೈನಾಕ್ಯುಲರ್ ತೆಗೆದುಕೊಳ್ಳಿ, ಇಲ್ಲೇ ಸಿಗುತ್ತದೆ. ಠಾಣೆ ಖಾಡಿಯ ಫ್ಲೆಮಿಂಗೋಗಳಿಗೆ ಅದು ಧಾರಾಳ ಸಾಕು.