ದುಬೈಯಲ್ಲಿ ಹತ್ತು ವರ್ಷ ಕೆಲಸ ಮಾಡಬೇಕು ಅಂತಿದ್ದೇನೆ, ಆಫರ್ ಒಪ್ಪುವ ಮೊದಲು ಏನೇನು ನೋಡ್ಕೊಳ್ಬೇಕು?

ನೀವು ಬರೆದದ್ದು ಇಷ್ಟು: ಕುಂದಾಪುರದ ಹತ್ರ ಊರು, ಬಿಕಾಂ ಆಗಿದೆ, ದುಬೈಯ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆ, ಒಟ್ಟು ಸಂಬಳ 7000 ದಿರ್ಹಮ್, ಅದರಲ್ಲಿ ಬೇಸಿಕ್ ಅಂದ್ರೆ ಮೂಲ ಸಂಬಳ 2800, ಉಳಿದದ್ದು ಅಲೊವೆನ್ಸ್ ಅಂದ್ರೆ ಭತ್ಯೆ. ಸ್ವಲ್ಪ ಸಮಯದ ನಂತರ ಹೆಂಡತಿ ಮಗುವನ್ನೂ ಕರ್ಕೊಂಡು ಹೋಗ್ಬೇಕು, ಹತ್ತು ವರ್ಷ ದುಡಿದು ಊರಿಗೆ ವಾಪಸ್ ಬರ್ಬೇಕು. ನಾನು ಉಡುಪಿ ಕಡೆಯವನು, ಬಹಳ ವರ್ಷದಿಂದ ಇಲ್ಲಿ ದುಬೈಯಲ್ಲೇ ಎಚ್‌ಆರ್ ಕೆಲಸ ಮಾಡ್ತಾ ಇದ್ದೇನೆ, ಜನ ಕೆಲಸ ಬಿಟ್ಟು ಹೋಗುವಾಗ ಅವರ ಫೈನಲ್ ಸೆಟಲ್ಮೆಂಟ್ ಲೆಕ್ಕ ಹಾಕುವುದೇ ನನ್ನ ಕೆಲಸ. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಆ 7000ದ ಮೇಲೆ ಅಲ್ಲ, 2800ರ ಮೇಲೆ.

ಯಾಕೆ ಅಂತ ಹೇಳ್ತೇನೆ. ಇಲ್ಲಿ ನಮಗೆ ಪಿಎಫ್ ಇಲ್ಲ, ಪೆನ್ಶನ್ ಇಲ್ಲ, ಎಷ್ಟು ವರ್ಷ ಇದ್ರೂ ನಮ್ಮಂಥವರಿಗೆ ಪೌರತ್ವ ಸಿಗುವ ದಾರಿ ಇಲ್ಲ. ಹೋಗುವಾಗ ಕಂಪನಿ ಕೊಡುವ ದೊಡ್ಡ ಮೊತ್ತ ಅಂದ್ರೆ ಗ್ರಾಚುಯಿಟಿ ಒಂದೇ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಐದು ದಾಟಿದ ಮೇಲೆ ವರ್ಷಕ್ಕೆ 30 ದಿನದ್ದು, ಆದ್ರೆ ಅದು ಪೂರ್ತಿ ಸಂಬಳದ ಮೇಲೆ ಅಲ್ಲ, ಕೊನೆಯ ಬೇಸಿಕ್ ಮೇಲೆ. ಬೇಸಿಕ್ 2800 ಇದ್ದ ಹಾಗೇ ಇದ್ರೆ ಹತ್ತು ವರ್ಷಕ್ಕೆ ನಿಮ್ಗೆ ಸಿಗುವುದು 23,800 ದಿರ್ಹಮ್. ಅದೇ 7000ದಲ್ಲಿ ಬೇಸಿಕ್ 4200 ಅಂತ ಬರೆಸಿಕೊಂಡ್ರೆ 35,700. ತಿಂಗಳಿಗೆ ಕೈಗೆ ಬರುವ ದುಡ್ಡು ಎರಡರಲ್ಲೂ ಒಂದೇ, ಆದ್ರೆ ಕೊನೆಗೆ ವ್ಯತ್ಯಾಸ ಹನ್ನೆರಡು ಸಾವಿರದ ಹತ್ರ. ಅದು ಬಿಡಿ, ತಗೊಳ್ಳದೆ ಉಳಿದ ರಜೆಗೆ ಕೊನೆಗೆ ದುಡ್ಡು ಕೊಡ್ತಾರಲ್ಲ, ಅದೂ ಬೇಸಿಕ್ ಲೆಕ್ಕವೇ. 2023ರ ಜನವರಿಯಿಂದ ಕಡ್ಡಾಯ ಮಾಡಿದ ಕೆಲಸ ಹೋದ್ರೆ ಸಿಗುವ ಇನ್ಶೂರೆನ್ಸ್ ಉಂಟು, ನಿಮ್ಮ ಮಟ್ಟದ ಸಂಬಳಕ್ಕೆ ತಿಂಗಳಿಗೆ 5 ದಿರ್ಹಮ್ ಕಟ್ಟಬೇಕು, ಕೆಲಸ ಹೋದ್ರೆ ಬೇಸಿಕ್‌ನ 60 ಪರ್ಸೆಂಟ್ ಮೂರು ತಿಂಗಳ ತನಕ ಕೊಡ್ತಾರೆ. ಅಂದ್ರೆ 2800ಕ್ಕೆ 1680. ದುಬೈಯಲ್ಲಿ ಹೆಂಡತಿ ಮಕ್ಕಳನ್ನು ಇಟ್ಕೊಂಡು 1680ರಲ್ಲಿ ತಿಂಗಳು ಕಳೆಯಲಿಕ್ಕೆ ಆಗುವುದಿಲ್ಲ. ಇದು ಸಿಗ್ಬೇಕಾದ್ರೂ ಬಿಡದೆ ಹನ್ನೆರಡು ತಿಂಗಳು ಕಟ್ಟಿರ್ಬೇಕು, ಕೆಲಸ ಹೋದ 30 ದಿನದೊಳಗೆ ಅರ್ಜಿ ಹಾಕ್ಬೇಕು, ನೀವಾಗಿ ರಾಜೀನಾಮೆ ಕೊಟ್ರೆ ಸಿಗುವುದಿಲ್ಲ.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಭಟ್ಕಳ ಕಡೆಯ ಒಬ್ಬ ಸ್ಟೋರ್ ಕೀಪರ್ ಇದ್ರು, ಹದಿನೆಂಟು ವರ್ಷ ಒಂದೇ ಗೋಡೌನ್‌ನಲ್ಲಿ ದುಡಿದವರು. ಒಟ್ಟು ಸಂಬಳ 5500, ಬೇಸಿಕ್ 1800. ಸೆಟಲ್ಮೆಂಟ್ ಶೀಟ್ ಎದುರಿಗೆ ಇಟ್ಟಾಗ ಅವರು ಕನ್ನಡಕ ಹಾಕ್ಕೊಂಡು ಬೆರಳು ಇಟ್ಟು ಒಂದೊಂದೇ ಲೈನ್ ಓದಿದ್ರು, 29,700 ಅನ್ನುವಲ್ಲಿ ಬೆರಳು ನಿಂತಿತು, "ಇದು ಒಂದು ಭಾಗ ಅಲ್ವಾ, ಉಳಿದದ್ದು ಯಾವ ಪೇಜಲ್ಲಿ ಉಂಟು" ಅಂತ ಕೇಳಿದ್ರು. ಬೇರೆ ಪೇಜ್ ಇರಲಿಲ್ಲ. ಹದಿನೆಂಟು ವರ್ಷಕ್ಕೆ ಆರು ತಿಂಗಳ ಸಂಬಳದಷ್ಟೂ ಆಗಲಿಲ್ಲ. ಲೆಕ್ಕ ಕಾನೂನು ಪ್ರಕಾರ ಸರಿಯೇ ಇತ್ತು, ಕಂಪನಿ ಒಂದು ರೂಪಾಯಿ ಮೋಸ ಮಾಡಿರಲಿಲ್ಲ. ಅವರು ಸೇರುವ ದಿನ ಬೇಸಿಕ್ ಅಂದ್ರೆ ಏನು ಅಂತ ಅವರಿಗೆ ಹೇಳುವವರು ಯಾರೂ ಇರಲಿಲ್ಲ ಅಷ್ಟೇ. ಅದಕ್ಕೇ ಇಷ್ಟು ಉದ್ದ ಬರೀತಾ ಇದ್ದೇನೆ.

ಹಾಗಾದ್ರೆ ಕೇಳುವುದು ಹೇಗೆ? ಒಟ್ಟು ಸಂಬಳ ಜಾಸ್ತಿ ಮಾಡಿ ಅಂತ ಕೇಳಿದ್ರೆ ಎಷ್ಟೋ ಕಂಪನಿ ಇಲ್ಲ ಅಂತಾರೆ, ಆದ್ರೆ ಅಷ್ಟೇ ಸಂಬಳದಲ್ಲಿ ಬೇಸಿಕ್ 60 ಪರ್ಸೆಂಟ್ ಮಾಡಿ ಅಂತ ಕೇಳಿದ್ರೆ ಒಪ್ಪುವವರು ಇದ್ದಾರೆ, ಯಾಕಂದ್ರೆ ಅವರಿಗೆ ಈ ತಿಂಗಳ ಖರ್ಚು ಏರುವುದಿಲ್ಲ. ಕೇಳುವುದಾದ್ರೆ ಈಗಲೇ ಕೇಳಿ, ಸೈನ್ ಹಾಕಿದ ಮೇಲೆ ಆ ಮಾತಿಗೆ ಬೆಲೆ ಇಲ್ಲ. ಆಮೇಲೆ ಪ್ರತಿ ಇನ್‌ಕ್ರಿಮೆಂಟ್‌ನಲ್ಲೂ ಹೆಚ್ಚಾದದ್ದು ಬೇಸಿಕ್‌ಗೆ ಹೋಯ್ತಾ ಅಥವಾ "ಅದರ್ ಅಲೊವೆನ್ಸ್" ಅನ್ನುವುದಕ್ಕೆ ಹೋಯ್ತಾ ಅಂತ ನೋಡ್ತಾ ಇರಿ. ಇನ್ನೊಂದು, ಕಂಪನಿಯ ಲೆಟರ್‌ಹೆಡ್‌ನಲ್ಲಿ ಬರುವ ಆಫರ್ ಬೇರೆ, ಇಲ್ಲಿನ ಕಾರ್ಮಿಕ ಸಚಿವಾಲಯ ಅಂದ್ರೆ ಮೊಹ್ರೆಯ ಆಫರ್ ಲೆಟರ್ ಬೇರೆ. ಜಗಳ ಬಂದಾಗ ಲೆಕ್ಕಕ್ಕೆ ಬರುವುದು ಮೊಹ್ರೆಯದ್ದು, ಎರಡರಲ್ಲೂ ಬೇಸಿಕ್ ಒಂದೇ ಉಂಟಾ ಅಂತ ಹೋಲಿಸಿ ನೋಡದೆ ಸೈನ್ ಹಾಕ್ಬೇಡಿ.

ವೀಸಾದ ಖರ್ಚು, ಟಿಕೆಟ್ ಖರ್ಚು ಅಂತ ನಿಮ್ಮಿಂದ ದುಡ್ಡು ಕೇಳಿದ್ರೆ ಅದು ತಪ್ಪು, ನೇಮಕಾತಿ ಖರ್ಚನ್ನು ಕೆಲಸಗಾರರಿಂದ ವಸೂಲಿ ಮಾಡುವ ಹಾಗಿಲ್ಲ ಅಂತ ಇಲ್ಲಿನ 2021ರ ಕಾರ್ಮಿಕ ಕಾನೂನಲ್ಲೇ ಉಂಟು. ಏಜೆಂಟ್ ಮೂಲಕ ಬರ್ತಿದ್ರೆ ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವನ ಹೆಸರು ರಿಜಿಸ್ಟರ್ ಆಗಿದೆಯಾ ನೋಡಿ, ರಿಜಿಸ್ಟರ್ಡ್ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. "ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಬನ್ನಿ, ಬಂದ ಮೇಲೆ ಚೇಂಜ್ ಮಾಡುವ" ಅಂತ ಹೇಳಿ ಆವತ್ತಿಂದಲೇ ಕೆಲಸಕ್ಕೆ ಕೂರಿಸ್ತಾರೆ ಅಂದ್ರೆ ಒಪ್ಪಬೇಡಿ ಮಾರಾಯ್ರೆ, ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಇಲ್ಲಿ ಕಾನೂನುಬಾಹಿರ, ಸಂಬಳ ಕೊಡ್ಲಿಲ್ಲ ಅಂದ್ರೆ ದೂರು ಕೊಡ್ಲಿಕ್ಕೂ ಕೈಯಲ್ಲಿ ಕಾಗದ ಇರುವುದಿಲ್ಲ. ಪಾಸ್‌ಪೋರ್ಟ್ ಕಂಪನಿಯಲ್ಲಿ ಇಟ್ಕೊಳ್ತೇವೆ ಅಂದ್ರೂ ಅದಕ್ಕೆ ಅವರಿಗೆ ಹಕ್ಕಿಲ್ಲ, ವೀಸಾ ಇತ್ಯಾದಿ ಕೆಲಸಕ್ಕೆ ಕೊಟ್ರೂ ವಾಪಸ್ ತಗೊಂಡು ನಿಮ್ಮತ್ರವೇ ಇಟ್ಕೊಳ್ಳಿ.

ಊರಿಂದ ಹೊರಡುವ ಮೊದಲು ಅಟೆಸ್ಟೇಷನ್ ಅಂದ್ರೆ ಸರ್ಟಿಫಿಕೇಟ್ ದೃಢೀಕರಣ ಮುಗಿಸ್ಕೊಳ್ಳಿ. ಡಿಗ್ರಿ ಸರ್ಟಿಫಿಕೇಟ್, ಮದುವೆ ಸರ್ಟಿಫಿಕೇಟ್, ಮಗುವಿನ ಬರ್ತ್ ಸರ್ಟಿಫಿಕೇಟ್, ಮೂರನ್ನೂ ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ಎಂಬೆಸಿ ಹೀಗೆ ದಾಟಿಸ್ಬೇಕು. ದೇವಸ್ಥಾನದ ಅಥವಾ ಹಾಲ್‌ನ ರಶೀದಿ ನಡೆಯುವುದಿಲ್ಲ, ರಿಜಿಸ್ಟ್ರಾರ್ ಆಫೀಸ್‌ನ ಮದುವೆ ಸರ್ಟಿಫಿಕೇಟೇ ಬೇಕು. ಪಾಸ್‌ಪೋರ್ಟಲ್ಲಿ ಹೆಂಡತಿ ಹೆಸರಿನ ಸ್ಪೆಲ್ಲಿಂಗ್ ಒಂದು, ಸರ್ಟಿಫಿಕೇಟಲ್ಲಿ ಇನ್ನೊಂದು ಇದ್ರೆ ಈಗಲೇ ಸರಿ ಮಾಡಿಸಿ, ಇಲ್ಲಿಂದ ಕೂತು ಆ ಕೆಲಸ ಮಾಡಿಸುವುದು ಬಹಳ ಕಷ್ಟ.

ಫ್ಯಾಮಿಲಿ ವೀಸಾಕ್ಕೆ ನಿಯಮದ ಪ್ರಕಾರ 4000 ದಿರ್ಹಮ್ ಸಂಬಳ ಇದ್ರೆ ಸಾಕು, ಹಾಗಾಗಿ ವೀಸಾ ನಿಮಗೆ ಸಮಸ್ಯೆ ಆಗ್ಲಿಕ್ಕಿಲ್ಲ, ಮನೆ ಬಾಡಿಗೆ ಸಮಸ್ಯೆ ಆಗ್ತದೆ. ನಮ್ಮೂರಿನ ಹಾಗೆ ತಿಂಗಳು ತಿಂಗಳು ಕೊಡುವುದು ಇಲ್ಲಿ ಕಡಿಮೆ, ವರ್ಷದ ಬಾಡಿಗೆಯನ್ನು ಒಂದೋ ಎರಡೋ ನಾಲ್ಕೋ ಚೆಕ್‌ನಲ್ಲಿ ಮುಂಚಿತವಾಗಿ ಡೇಟ್ ಹಾಕಿ ಬರೆದು ಕೊಡ್ಬೇಕು. ಅದರ ಮೇಲೆ ಸಾಮಾನ್ಯವಾಗಿ 5 ಪರ್ಸೆಂಟ್ ಡೆಪಾಸಿಟ್, 5 ಪರ್ಸೆಂಟ್ ಏಜೆಂಟ್ ಕಮಿಷನ್, ಕರೆಂಟ್ ನೀರಿಗೆ ಡೇವಾ ಅನ್ನುವ ಇಲಾಖೆಯಲ್ಲಿ ಫ್ಲ್ಯಾಟ್ ಆದ್ರೆ 2000 ಡೆಪಾಸಿಟ್, ಇಜಾರಿ ಅಂದ್ರೆ ಬಾಡಿಗೆ ಕರಾರಿನ ಸರ್ಕಾರಿ ರಿಜಿಸ್ಟ್ರೇಷನ್. ಡೇವಾ ಬಿಲ್ ಒಳಗೇ ವರ್ಷದ ಬಾಡಿಗೆಯ 5 ಪರ್ಸೆಂಟ್ ಹೌಸಿಂಗ್ ಫೀ ಅಂತ ತಿಂಗಳು ತಿಂಗಳು ಸೇರ್ಕೊಳ್ತದೆ, ಇದನ್ನು ಲೆಕ್ಕ ಹಾಕದೆ ಬಂದವರು ಮೊದಲ ಬಿಲ್ ನೋಡಿ ಗಾಬರಿ ಆಗ್ತಾರೆ. ಶಾರ್ಜಾದಲ್ಲಿ ಬಾಡಿಗೆ ಕಡಿಮೆ ಅಂತ ನಮ್ಮ ಕಡೆಯವರು ತುಂಬಾ ಜನ ಅಲ್ಲಿದ್ದಾರೆ, ಆದ್ರೆ ಬೆಳಿಗ್ಗೆ ಅಲ್ ಇತ್ತಿಹಾದ್ ರೋಡ್‌ನ ಟ್ರಾಫಿಕ್‌ನಲ್ಲಿ ದಿನಾ ಕೂತ್ಕೊಳ್ಳುವ ತಾಳ್ಮೆ ಬೇಕು. ನನ್ನ ಅಭಿಪ್ರಾಯ ಕೇಳಿದ್ರೆ ಮೊದಲ ಒಂದು ವರ್ಷ ಒಬ್ರೇ ಶೇರಿಂಗ್ ರೂಮಲ್ಲಿ ಇರಿ, ಒಂದು ವರ್ಷದ ಬಾಡಿಗೆ ಪೂರ್ತಿ ಕೈಯಲ್ಲಿ ಕೂಡಿದ ಮೇಲೆ ಮನೆಯವರನ್ನು ಕರೆಸಿ. ಸಾಲ ಮಾಡಿ ಬಾಡಿಗೆ ಚೆಕ್ ಕೊಡುವುದು ಬೇಡ. ಇಲ್ಲಿ ಪರ್ಸನಲ್ ಲೋನ್ ಸಂಬಳದ 20 ಪಟ್ಟಿನ ತನಕ ಕೊಡ್ತಾರೆ, ಸೇಲ್ಸ್‌ನವರು ಫೋನ್ ಮೇಲೆ ಫೋನ್ ಮಾಡ್ತಾರೆ, ಆದ್ರೆ ಕೆಲಸ ಹೋಗಿ ಕಂತು ನಿಂತ್ರೆ ಕೇಸ್ ಹಾಕಿ ದೇಶ ಬಿಡದ ಹಾಗೆ ಟ್ರಾವೆಲ್ ಬ್ಯಾನ್ ತರಬಹುದು. ಊರಲ್ಲಿ ಅಪ್ಪ ತೀರಿಹೋದ್ರೂ ಹೋಗ್ಲಿಕ್ಕೆ ಆಗದೆ ಕೂತವರನ್ನು ನೋಡಿದ್ದೇನೆ.

ಮನೆಯವರು ಬಂದ ಮೇಲೆ ಅವರ ಹೆಲ್ತ್ ಇನ್ಶೂರೆನ್ಸ್ ನಿಮ್ಮ ಖರ್ಚು, ದುಬೈಯಲ್ಲಿ ಕಂಪನಿ ಕೊಡಲೇಬೇಕಾದದ್ದು ಕೆಲಸಗಾರನಿಗೆ ಮಾತ್ರ. ಹೆಂಡತಿಗೆ ಕೆಲಸ ಮಾಡುವ ಮನಸ್ಸಿದ್ರೆ ನಿಮ್ಮ ಸ್ಪಾನ್ಸರ್‌ಶಿಪ್‌ನಲ್ಲೇ ಇದ್ದು ವರ್ಕ್ ಪರ್ಮಿಟ್ ತಗೊಳ್ಬಹುದು. ಮಗು ಸ್ವಲ್ಪ ದೊಡ್ಡದಾದ್ರೆ ಸ್ಕೂಲ್ ಫೀ ಶುರುವಾಗ್ತದೆ, ಅದು ಬಾಡಿಗೆ ಬಿಟ್ರೆ ಎರಡನೇ ದೊಡ್ಡ ಖರ್ಚು. ಕನ್ನಡದ ಚಿಂತೆ ಇದ್ರೆ ಇಲ್ಲಿ ಕನ್ನಡ ಪಾಠಶಾಲೆ ನಡೀತಾ ಉಂಟು, ಸೇರಿಸಿ, ನಮ್ಮ ಮಕ್ಕಳು ಅಜ್ಜಿಗೆ ಫೋನಲ್ಲಿ ಸರಿಯಾಗಿ ಮಾತಾಡ್ಬೇಕು.

ಇನ್ನು ಊರಿನ ಕಡೆಯ ದುಡ್ಡಿನ ವಿಷಯ. ಕೆಲಸಕ್ಕೆ ಅಂತ ವಿದೇಶಕ್ಕೆ ಹೋದ ಮೇಲೆ ನಿಮ್ಮ ಮಾಮೂಲಿ ಎಸ್‌ಬಿ ಅಕೌಂಟ್ ಹಾಗೇ ನಡೆಸುವ ಹಾಗಿಲ್ಲ, ಎನ್‌ಆರ್‌ಒ ಅಂದ್ರೆ ಅನಿವಾಸಿಗಳ ಊರಿನ ಆದಾಯದ ಅಕೌಂಟ್ ಮಾಡಿಸ್ಬೇಕು, ಇಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಅನ್ನುವ ಬೇರೆ ಅಕೌಂಟ್ ತೆರೀಬೇಕು. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಎನ್‌ಆರ್‌ಒ ಬಡ್ಡಿಗೆ ಬ್ಯಾಂಕ್ 30 ಪರ್ಸೆಂಟ್‌ಗಿಂತ ಮೇಲೆ ಟಿಡಿಎಸ್ ಹಿಡೀತದೆ, ಹಾಗಾಗಿ ಎರಡನ್ನೂ ಕಲಸಬೇಡಿ. ಪಿಪಿಎಫ್ ಈಗಾಗಲೇ ಇದ್ರೆ ಅದರ ಅವಧಿ ಮುಗಿಯುವ ತನಕ ಕಟ್ಬಹುದು, ಎನ್‌ಆರ್‌ಐ ಆದ ಮೇಲೆ ಹೊಸದು ತೆರೆಯಲಿಕ್ಕಿಲ್ಲ. ನಮ್ಮ ಕಡೆಯವರು ಮುಖ್ಯವಾಗಿ ತಿಳ್ಕೊಳ್ಬೇಕಾದದ್ದು ಜಮೀನಿನ ವಿಷಯ: ಗಲ್ಫ್ ದುಡ್ಡಲ್ಲಿ ಒಂದೆರಡು ಎಕರೆ ಅಡಿಕೆ ತೋಟ ಮಾಡುವ ಅಂತ ಎಲ್ಲರಿಗೂ ಆಸೆ, ಆದ್ರೆ ಭಾರತದ ವಿದೇಶಿ ವಿನಿಮಯ ಕಾನೂನು ಅಂದ್ರೆ ಫೆಮಾ ನಿಯಮದಲ್ಲಿ ಎನ್‌ಆರ್‌ಐ ಆದವರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ, ದಾನಪತ್ರದಲ್ಲಿ ತಗೊಳ್ಳುವ ಹಾಗೂ ಇಲ್ಲ. ಹಿರಿಯರಿಂದ ವಾರಸಾಗಿ ಬಂದದ್ದು ಇಟ್ಕೊಳ್ಬಹುದು. ಮನೆ, ಫ್ಲ್ಯಾಟ್, ಕನ್ವರ್ಷನ್ ಆದ ಸೈಟ್ ತಗೊಳ್ಳಲಿಕ್ಕೆ ತೊಂದರೆ ಇಲ್ಲ. ತೋಟ ತಗೊಳ್ಳುವ ಯೋಚನೆ ಇದ್ರೆ ವಾಪಸ್ ಬಂದು ನೆಲೆಸಿದ ಮೇಲೆ ತಗೊಳ್ಳಿ, ಅಥವಾ ಹೊರಡುವ ಮೊದಲೇ ಅನುಕೂಲ ಇದ್ರೆ ತಗೊಳ್ಳಿ. ಗ್ರಾಚುಯಿಟಿ ನಂಬಿ ಕೂರುವ ಹಾಗಿಲ್ಲ ಅಂತ ಮೇಲೆ ನೋಡಿದ್ರಲ್ಲ, ತಿಂಗಳ ಸಂಬಳ ಬಂದ ದಿನವೇ ಒಂದು ಮೊತ್ತ ಎನ್‌ಆರ್‌ಇಗೆ ಹೋಗುವ ಹಾಗೆ ಮಾಡಿ, ಉಳಿದದ್ದರಲ್ಲಿ ಖರ್ಚು ನಡೆಸಿ.

ಒಂದು ಎಚ್ಚರಿಕೆ, ಒಳ್ಳೆ ಮನಸ್ಸಿಂದ ಮಾಡಿ ಸಿಕ್ಕಿಬೀಳುವಂಥದ್ದು. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೋ ಯಾರದ್ದೋ ಆಪರೇಷನ್‌ಗೋ ಇಲ್ಲಿನ ವಾಟ್ಸಾಪ್ ಗ್ರೂಪ್‌ನಲ್ಲಿ ಚಂದಾ ಎತ್ತುವುದು ಇಲ್ಲಿ ಅಪರಾಧ, ಲೈಸೆನ್ಸ್ ಇರುವ ಸಂಸ್ಥೆ ಮೂಲಕ ಮಾತ್ರ ಆಗ್ಬೇಕು. ಗ್ರೂಪಲ್ಲಿ ಯಾರನ್ನಾದ್ರೂ ಬೈದು ಮೆಸೇಜ್ ಹಾಕುವುದೂ ಕೇಸ್ ಆಗ್ತದೆ.

ರೆಸಿಡೆನ್ಸ್ ವೀಸಾ ಎರಡು ವರ್ಷದ್ದು, ಒಂದೇ ಸಮ ಆರು ತಿಂಗಳು ಹೊರಗಿದ್ರೆ ಸಾಮಾನ್ಯವಾಗಿ ರದ್ದು, ಹೆಂಡತಿ ಬಾಣಂತನಕ್ಕೆ ಊರಿಗೆ ಹೋಗುವಾಗ ಇದನ್ನು ಲೆಕ್ಕ ಇಟ್ಕೊಳ್ಳಿ. ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಇಡುವ ಹಾಗಿಲ್ಲ. ಕೆಲಸ ಮುಗಿದ ಮೇಲೆ 14 ದಿನದೊಳಗೆ ಕಂಪನಿ ಲೆಕ್ಕ ಚುಕ್ತಾ ಮಾಡ್ಬೇಕು, ಮಾಡ್ಲಿಲ್ಲ ಅಂದ್ರೆ ಮೊಹ್ರೆಗೆ ದೂರು ಕೊಡ್ಲಿಕ್ಕೆ ಎರಡು ವರ್ಷದ ಅವಧಿ ಉಂಟು, 50,000 ದಿರ್ಹಮ್ ಒಳಗಿನ ವಿಷಯ ಆದ್ರೆ ಅವರೇ ತೀರ್ಮಾನ ಮಾಡ್ತಾರೆ. ದುಡ್ಡು ಕೈಗೆ ಬರುವ ಮೊದಲು "ಎಲ್ಲಾ ಪಾವತಿ ಆಗಿದೆ" ಅನ್ನುವ ಕಾಗದಕ್ಕೆ ಸೈನ್ ಹಾಕ್ಬೇಡಿ.

ಈಗಿರುವ ಕೆಲಸಕ್ಕೆ ರಾಜೀನಾಮೆ ಇವತ್ತೇ ಕೊಡ್ಬೇಡಿ. ಮೊದಲು ಬೇಸಿಕ್ ವಿಷಯ ಇಮೇಲ್‌ನಲ್ಲೇ ಕೇಳಿ, ಫೋನಲ್ಲಿ ಹೂಂ ಅಂದದ್ದು ನಿಲ್ಲುವುದಿಲ್ಲ. ಮೊಹ್ರೆ ಆಫರ್ ಬಂದು, ಸೈನ್ ಆಗಿ, ಎಂಪ್ಲಾಯ್ಮೆಂಟ್ ಎಂಟ್ರಿ ಪರ್ಮಿಟ್ ನಿಮ್ಮ ಹೆಸರಲ್ಲಿ ಕೈಗೆ ಸಿಕ್ಕಿದ ಮೇಲೆ ನೋಟಿಸ್ ಕೊಡಿ. ಜಾಯಿನಿಂಗ್‌ಗೆ ಅವಸರ ಮಾಡಿದ್ರೆ ನೋಟಿಸ್ ಪೀರಿಯಡ್ ಇಷ್ಟು ದಿನ ಉಂಟು ಅಂತ ನೇರ ಹೇಳಿ, ನಿಜವಾಗಿ ಬೇಕಾದ ಕಂಪನಿ ಕಾಯ್ತದೆ. ಅವರು ಬೇಸಿಕ್ ಬಗ್ಗೆ ಏನು ಉತ್ತರ ಕೊಟ್ರು ಅಂತ ಇಲ್ಲೇ ಕೆಳಗೆ ಬರೀರಿ, ಲೆಕ್ಕ ಹಾಕಿ ಹೇಳ್ತೇನೆ.