ಮಧುಮೇಹಿಗಳಿಗೆ ಕೆಮ್ಮು ಬಂದರೆ ಜೇನು, ಬೆಲ್ಲ, ಕಲ್ಲುಸಕ್ಕರೆ ಸೇವಿಸಬಹುದೇ?

ಪ್ರಶ್ನೆ: ನನಗೆ 58 ವರ್ಷ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಅದಕ್ಕೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳನ್ನೂ ರಕ್ತದೊತ್ತಡಕ್ಕೆ ರಾಮಿಪ್ರಿಲ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೇನೆ. ಮೂರು ವಾರಗಳಿಂದ ಒಣಕೆಮ್ಮು ಬಿಟ್ಟಿಲ್ಲ. ಅತ್ತೆಯವರು ಶುಂಠಿ ರಸಕ್ಕೆ ಜೇನುತುಪ್ಪ ಬೆರೆಸಿ ದಿನಕ್ಕೆ ನಾಲ್ಕೈದು ಸಲ ಕೊಡುತ್ತಾರೆ, ಸಂಜೆ ಬೆಲ್ಲದ ಕಷಾಯ ಮಾಡುತ್ತಾರೆ. ಮಗಳು ಯಾವುದನ್ನೂ ಮುಟ್ಟಬೇಡವೆನ್ನುತ್ತಾಳೆ. ಜೇನುತುಪ್ಪದಿಂದ ಸಕ್ಕರೆ ಏರುವುದಿಲ್ಲವೆಂಬುದು ನಿಜವೇ? ಸಿತೋಪಲಾದಿ ಚೂರ್ಣ ತೆಗೆದುಕೊಳ್ಳಬಹುದೇ?
— ಓದುಗರೊಬ್ಬರು, ಸಾಗರ

ಉತ್ತರ: ನಿಜವಲ್ಲ. ಜೇನುತುಪ್ಪದ ತೂಕದಲ್ಲಿ ಶೇಕಡ 80ರಷ್ಟು ಸಕ್ಕರೆಯ ಅಂಶವೇ ಇರುತ್ತದೆ. ಒಂದು ಟೀ ಚಮಚ ಜೇನಿನಲ್ಲಿ ಸುಮಾರು 6 ಗ್ರಾಂ ಸಕ್ಕರೆಯಿರುವುದರಿಂದ, ದಿನಕ್ಕೆ ಐದು ಸಲ ಸೇವಿಸಿದರೆ 30 ಗ್ರಾಂ ಆಗುತ್ತದೆ. ಇದು ಎರಡು ಚಪಾತಿಯಷ್ಟು ಕಾರ್ಬೋಹೈಡ್ರೇಟನ್ನು ಊಟದ ಲೆಕ್ಕಕ್ಕೇ ಸೇರಿಸದೆ ತಿಂದಂತೆ. ಬೆಲ್ಲವೂ ಕಲ್ಲುಸಕ್ಕರೆಯೂ ಈ ವಿಷಯದಲ್ಲಿ ಬಿಳಿ ಸಕ್ಕರೆಗಿಂತ ಬೇರೆಯಲ್ಲ.

ಹಾಗೆಂದು ಅತ್ತೆಯವರ ಅನುಭವವನ್ನು ತಳ್ಳಿಹಾಕುವಂತಿಲ್ಲ. ಜೇನು ಗಂಟಲನ್ನು ಸವರಿಕೊಂಡು ಇಳಿಯುವಾಗ ಕೆರೆತ ಕಡಿಮೆಯಾಗುತ್ತದೆ. ಶೀತದಿಂದ ಬಂದ ಕೆಮ್ಮಿಗೆ ಜೇನನ್ನು ಬಳಸಿ ನೋಡಬಹುದೆಂದು ಬ್ರಿಟನ್ನಿನಲ್ಲಿ ವೈದ್ಯರಿಗೆ ಚಿಕಿತ್ಸೆಯ ಸಲಹೆ ರೂಪಿಸುವ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿಯೂ ಹೇಳುತ್ತದೆ. ನಿಮ್ಮ ಸಕ್ಕರೆ ಹತೋಟಿಯಲ್ಲಿದ್ದರೆ ರಾತ್ರಿ ಮಲಗುವ ಮುನ್ನ ಒಂದೇ ಒಂದು ಟೀ ಚಮಚ ಜೇನನ್ನು ನಿಧಾನವಾಗಿ ಚಪ್ಪರಿಸಿ ನುಂಗಿ, ಅಷ್ಟರ ಮಟ್ಟಿಗೆ ಊಟದಲ್ಲಿ ಅನ್ನವನ್ನು ಕಡಿಮೆ ಮಾಡಿಕೊಳ್ಳಿ. ಹಗಲಿನಲ್ಲಿ ಶುಂಠಿ, ಕಾಳುಮೆಣಸು, ತುಳಸಿ ಅಥವಾ ದೊಡ್ಡಪತ್ರೆಯ ಕಷಾಯವನ್ನು ಬೆಲ್ಲವಿಲ್ಲದೆ, ಬೇಕಿದ್ದರೆ ಚಿಟಿಕೆ ಉಪ್ಪು ಹಾಕಿ, ಬಿಸಿಯಾಗಿ ಗುಟುಕು ಗುಟುಕಾಗಿ ಕುಡಿಯಿರಿ. ಕಷಾಯದಿಂದ ಸಿಗುವ ಹಿತದಲ್ಲಿ ಹೆಚ್ಚಿನ ಪಾಲು ಬಿಸಿನೀರಿನದು.

ಸಿತೋಪಲಾದಿ ಚೂರ್ಣದ ಶಾಸ್ತ್ರೋಕ್ತ ಪ್ರಮಾಣದಲ್ಲಿ ಒಟ್ಟು 31 ಭಾಗಗಳ ಪೈಕಿ 16 ಭಾಗ ಕಲ್ಲುಸಕ್ಕರೆಯೇ ಆಗಿದೆ. ಒಂದೆರಡು ಗ್ರಾಂ ಚೂರ್ಣದಿಂದ ದೊಡ್ಡ ವ್ಯತ್ಯಾಸವಾಗದಿದ್ದರೂ, ಪ್ರತಿ ಸಲವೂ ಅದನ್ನು ಜೇನಿನಲ್ಲಿ ಕಲಸಿ ನೆಕ್ಕಿದರೆ ಲೆಕ್ಕ ಮತ್ತೆ ಏರುತ್ತದೆ; ಬಿಸಿನೀರಿನೊಂದಿಗೆ ಸೇವಿಸಬಹುದೇ ಎಂದು ಆಯುರ್ವೇದ ವೈದ್ಯರನ್ನು ಕೇಳಿ. ಸಕ್ಕರೆಯಿಲ್ಲದೆ ಸಿಹಿಯಾಗಿರುವ ಜ್ಯೇಷ್ಠಮಧು ಮಧುಮೇಹಿಗಳಿಗೆ ಒಳ್ಳೆಯದೆಂದು ಹಲವರು ಸಲಹೆ ಕೊಡುತ್ತಾರೆ. ಆದರೆ ದಿನವೂ ಬಳಸಿದರೆ ಅದು ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ರಕ್ತದೊತ್ತಡವಿರುವ ನಿಮಗೆ ಅದು ಬೇಡ. ಅಂಗಡಿಯ ಸಿರಪ್ ಕೊಳ್ಳುವುದಾದರೆ ಶುಗರ್ ಫ್ರೀ ಆಗಿರುವುದನ್ನೇ ಕೇಳಿ ಪಡೆಯಿರಿ.

ಇನ್ನೊಂದು ವಿಷಯವನ್ನು ಮಗಳಿಗೂ ತಿಳಿಸಿ. ಸೋಂಕು ತಗಲಿದಾಗ ದೇಹದಲ್ಲಿ ಹೆಚ್ಚುವ ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳಿಂದ, ಸಿಹಿ ಮುಟ್ಟದಿದ್ದರೂ ಸಕ್ಕರೆ ಏರುವುದುಂಟು; ಆದ್ದರಿಂದ ಕೆಮ್ಮು, ಜ್ವರವಿರುವಷ್ಟು ದಿನ ಗ್ಲುಕೋಮೀಟರಿನಲ್ಲಿ ಹೆಚ್ಚು ಬಾರಿ ನೋಡಿಕೊಳ್ಳಬೇಕು. ಇದಕ್ಕೆ ವಿರುದ್ಧವಾಗಿ, ಊಟ ಸೇರದಿರುವಾಗ ಗ್ಲಿಮೆಪಿರೈಡ್ ನುಂಗಿದರೆ ಸಕ್ಕರೆ ಕುಸಿಯಬಹುದು. ಬೆವರು, ನಡುಕ ಕಾಣಿಸಿಕೊಂಡು ಸಕ್ಕರೆ 70ಕ್ಕಿಂತ ಕೆಳಗಿಳಿದಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನೋ ಜೇನನ್ನೋ ಕೂಡಲೇ ಸೇವಿಸಬೇಕು. ಆಗ ಸಿಹಿಯೇ ಔಷಧ, ಯಾರೂ ತಡೆಯಬಾರದು.

ನನಗೆ ಹೆಚ್ಚು ಕಳವಳ ಹುಟ್ಟಿಸಿರುವುದು ನೀವು ಬರೆದಿರುವ ಮೂರು ವಾರ ಎಂಬ ಅವಧಿ. ರಾಮಿಪ್ರಿಲ್ ಗುಂಪಿನ ಮಾತ್ರೆಗಳಿಂದಲೇ ಕೆಲವರಿಗೆ ಒಣಕೆಮ್ಮು ಬರುತ್ತದೆ. ಅದಕ್ಕೆ ಯಾವ ಜೇನೂ ಕಷಾಯವೂ ನಾಟುವುದಿಲ್ಲ, ಮಾತ್ರೆ ಬದಲಿಸಿದ ಮೇಲೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಮಧುಮೇಹಿಗಳಿಗೆ ಕ್ಷಯ ತಗಲುವ ಸಾಧ್ಯತೆ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚಿರುವುದರಿಂದ, ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಅದು ಉಚಿತವಾಗಿ ಆಗುತ್ತದೆ. ಈ ವಾರವೇ ವೈದ್ಯರನ್ನು ಕಾಣಿ, ಸಕ್ಕರೆಯ ಅಳತೆಗಳನ್ನು ಬರೆದಿಟ್ಟ ಚೀಟಿಯನ್ನೂ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ. ಕಫದಲ್ಲಿ ರಕ್ತ, ಉಬ್ಬಸ ಅಥವಾ ಎದೆನೋವು ಕಂಡರೆ ಅಷ್ಟೂ ಕಾಯದೆ ಅಂದೇ ಹೊರಡಿ.